ಸಾಲ ತೀರಿಸಿಕೊಡುತ್ತೇವೆ ಎನ್ನುವವರ ಬಗ್ಗೆ ಎಚ್ಚರ

"ಸಾಲವನ್ನು ಅರ್ಧಕ್ಕೆ ಇಳಿಸಿಕೊಡುತ್ತೇವೆ, ಮೊದಲು ಸೇವಾ ಶುಲ್ಕ ಕಟ್ಟಿ" ಎಂದು ಯಾರಾದರೂ ಫೋನ್ ಮಾಡಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಬಡ್ಡಿ, ಅಸಲು ಬಿಡುವ ಅಧಿಕಾರ ಇಂಥ ಮಧ್ಯವರ್ತಿಗಳಿಗಿಲ್ಲ. ಅದು ಸಾಲ ಕೊಟ್ಟ ಬ್ಯಾಂಕಿನ ಕೈಯಲ್ಲಿದೆ. ಅಧಿಕಾರವಿಲ್ಲದೆ 'ಸಾಲ ಮನ್ನಾ ಪ್ರಮಾಣಪತ್ರ' ಕೊಟ್ಟು ಹಣ ಪಡೆಯುವವರ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರ್ 11ರಂದು ಎಚ್ಚರಿಕೆ ಹೊರಡಿಸಿದೆ.

ಗುರುತಿಸುವುದು ಹೇಗೆ?
• ಮುಂಗಡ ಶುಲ್ಕ ಕೇಳುತ್ತಾರೆ.
• ಕಂತು ಕಟ್ಟಬೇಡಿ, ಬ್ಯಾಂಕಿನವರ ಜೊತೆ ಮಾತಾಡಬೇಡಿ ಎನ್ನುತ್ತಾರೆ.
• ಒಟಿಪಿ ಅಥವಾ ಸಹಿ ಮಾಡಿದ ಖಾಲಿ ಚೆಕ್ ಕೇಳುತ್ತಾರೆ.

ಅವರ ಮಾತು ನಂಬಿ ಕಂತು ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ, ಸಿಬಿಲ್ ಅಂಕ ಕುಸಿಯುತ್ತದೆ, ಅಡವಿಟ್ಟ ಮನೆ, ಅಂಗಡಿಗೆ ನೋಟಿಸು ಬರುತ್ತದೆ.

ಸರಿಯಾದ ದಾರಿ ಯಾವುದು?
• ಬ್ಯಾಂಕ್ ಮ್ಯಾನೇಜರರಿಗೆ ನೀವೇ ಲಿಖಿತ ಅರ್ಜಿ ಕೊಡಿ. ಕಂತಿನ ಅವಧಿ ಹೆಚ್ಚಿಸಲು ಅಥವಾ ಒನ್ ಟೈಮ್ ಸೆಟ್ಲ್‌ಮೆಂಟ್‌ಗೆ ಕೇಳಬಹುದು. ಸೆಟ್ಲ್‌ಮೆಂಟ್ ಆದರೆ ಅದು ಸಿಬಿಲ್‌ನಲ್ಲಿ ದಾಖಲಾಗಿ ಮುಂದಿನ ಸಾಲ ಸಿಗುವುದು ಕಷ್ಟವಾಗಬಹುದು ಎಂಬುದು ತಿಳಿದಿರಲಿ.
• ಲೋಕ ಅದಾಲತ್‌ನಲ್ಲಿ ನ್ಯಾಯಾಲಯ ಶುಲ್ಕವಿಲ್ಲದೆ ರಾಜಿ ಮಾಡಿಕೊಳ್ಳಬಹುದು.
• ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಮಾಹಿತಿಗೆ 14448.
• ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮರ್ಯಾದೆಗೆ ಅಂಜಿ ಸಾಲ ಮುಚ್ಚಿಡುವವರೇ ಇವರ ಕೈಗೆ ಸುಲಭವಾಗಿ ಸಿಗುತ್ತಾರೆ. ವ್ಯಾಪಾರದಲ್ಲಿ ಏಳುಬೀಳು ಇದ್ದದ್ದೇ. ಮೊದಲು ಮನೆಯವರಿಗೆ ಹೇಳಿ, ನಂತರ ಬ್ಯಾಂಕಿಗೆ ಹೋಗಿ.