ದೆವ್ವ ಅಂದುಕೊಂಡೆ ಸ್ವಾಮಿ

ನಮ್ಮಪ್ಪನನ್ನು ನಮ್ಮಮ್ಮ ಒಂದಿಡೀ ರಾತ್ರಿ ಮನೆಯ ಹೊರಗೆ ಕೂರಿಸಿದ್ದಳು. ಜಗಳ ಆಗಿರಲಿಲ್ಲ. ಅಪ್ಪ ಕುಡಿದೂ ಬಂದಿರಲಿಲ್ಲ. ಅದು ‘ನಾಳೆ ಬಾ’ ಕಾಲ, ಅಷ್ಟೇ.

1990ರ ದಶಕದ ಬೆಂಗಳೂರನ್ನು ಕಂಡವರಿಗೆ ಇದನ್ನು ವಿವರಿಸುವುದೇ ಬೇಡ. ನಮ್ಮ ಶ್ರೀರಾಮಪುರದ ಓಣಿಗಳಲ್ಲಿ ಯಾವ ಮನೆ ನೋಡಿದರೂ ಬಾಗಿಲ ಮೇಲೋ ಗೋಡೆಯ ಮೇಲೋ ಎರಡೇ ಪದ, ‘ನಾಳೆ ಬಾ’. ಕೆಲವರು ಸೀಮೆಸುಣ್ಣದಲ್ಲಿ ಬರೆದಿದ್ದರು, ಕೆಲವರು ಇದ್ದಿಲಿನಲ್ಲಿ, ಏನೂ ಸಿಗದವರು ಇಟ್ಟಿಗೆ ಚೂರಿನಲ್ಲಿ. ರಾತ್ರಿ ಹೊತ್ತು ಒಂದು ಹೆಣ್ಣು ದೆವ್ವ ಬರುತ್ತೆ, ಮನೆಯವರದೇ ಧ್ವನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದರೋ ಮುಗೀತು. ಗೋಡೆಯ ಮೇಲೆ ‘ನಾಳೆ ಬಾ’ ಅಂತ ಇದ್ದರೆ ಓದಿಕೊಂಡು ವಾಪಸ್ ಹೋಗುತ್ತೆ. ಮರುದಿನ ಬಂದರೂ ಅದೇ ಬರಹ, ಮತ್ತೆ ವಾಪಸ್. ಬೆಂಗಳೂರಿಗೆ ಬಂದವರಲ್ಲಿ ಅದೊಂದಾದರೂ ಕನ್ನಡ ಓದಲು ಕಲಿತಿತ್ತಲ್ಲ ಅನ್ನೋದೇ ಸಮಾಧಾನ! ಮುಂದೆ 2018ರಲ್ಲಿ ಬಾಲಿವುಡ್‌ನವರು ಈ ಬರಹವನ್ನೇ ಹಿಂದಿಗೆ ತಿರುಗಿಸಿ, ಮಧ್ಯಪ್ರದೇಶದ ಚಂದೇರಿಯ ಗೋಡೆಗಳ ಮೇಲೆ ಬರೆಸಿ ‘ಸ್ತ್ರೀ’ ಸಿನಿಮಾ ಮಾಡಿದರು. ದುಡ್ಡೂ ಬಾಚಿದರು.

ಅಪ್ಪನಿಗೆ ಮಿಲ್ಲಿನಲ್ಲಿ ಸೆಕೆಂಡ್ ಶಿಫ್ಟು. ಮನೆ ತಲುಪುವಾಗ ಹೇಗೂ ನಡುರಾತ್ರಿ. ಆವತ್ತು ಬಾಗಿಲು ತಟ್ಟಿ, ಎಂದಿನಂತೆ “ನಾನು ಕಣೇ, ಬಾಗಿಲು ತೆಗಿ” ಅಂದ. ಫಜೀತಿ ಇರೋದೇ ಅಲ್ಲಿ. ದೆವ್ವ ಬಂದರೂ ಅಂದೇ ಅನ್ನುತ್ತೆ ತಾನೆ? ಅಮ್ಮ ನಮ್ಮ ಬಾಯಿ ಒತ್ತಿ ಹಿಡಿದಳು. ಅಪ್ಪ ನಮ್ಮ ಒಬ್ಬೊಬ್ಬರ ಹೆಸರು ಹಿಡಿದು ಕರೆದ. ಅಮ್ಮನಿಗೆ ಇನ್ನೂ ಭಯ ಹೆಚ್ಚಾಯಿತು, ಹೆಸರು ಬೇರೆ ಗೊತ್ತಿದೆಯಲ್ಲ ಇದಕ್ಕೆ ಅಂತ! ಕೊನೆಗೆ ಅಪ್ಪ “ಆಯ್ತಮ್ಮ ತಾಯಿ, ನಾಳೆನೇ ಬರ್ತೀನಿ” ಅಂತ ಹೇಳಿ ಜಗಲಿ ಮೇಲೆ ಕೂತುಬಿಟ್ಟ. ಬೆಳಿಗ್ಗೆ ಹಾಲಿನವನು ಕೂಗಿದ ಮೇಲೆಯೇ ಬಾಗಿಲು ತೆರೆದದ್ದು.

ಈ ಕಥೆ ಹೇಳಿದಾಗಲೆಲ್ಲ ಜನ ನಗುತ್ತಾರೆ. ನಾನೂ ನಗಿಸೋದಕ್ಕೇ ಹೇಳುತ್ತಿದ್ದೆ. ಆದರೆ ನೋಡಿ, ದೆವ್ವದ ಕಥೆಯನ್ನು ನಾವು ಯಾವಾಗಲೂ ಬಾಗಿಲ ಒಳಗೆ ಕೂತವರ ಬಾಯಿಂದಲೇ ಕೇಳುತ್ತೇವೆ. ಹೊರಗೆ ನಿಂತವನ ಕಥೆ ಏನು? ಅದು ದಾಖಲಾಗಿರುವುದು ಕೋರ್ಟಿನ ಕಡತಗಳಲ್ಲಿ. ಅಂಥ ಎರಡು ಪ್ರಕರಣ ಹೇಳುತ್ತೇನೆ.

ಮೊದಲನೆಯದು ಲಂಡನ್ನಿನದು. ಆಗ ಹ್ಯಾಮರ್‌ಸ್ಮಿತ್ ಅನ್ನೋದು ಲಂಡನ್ನಿಗೆ ಅಂಟಿಕೊಂಡಿದ್ದ ಒಂದು ಹಳ್ಳಿ. 1803ರ ಕೊನೆಯ ತಿಂಗಳುಗಳಲ್ಲಿ ಅಲ್ಲಿ ಬಿಳಿ ಬಟ್ಟೆಯ ದೆವ್ವ ಓಡಾಡುತ್ತಿದೆ ಎಂಬ ಸುದ್ದಿ ಹಬ್ಬಿತು. ಆತ್ಮಹತ್ಯೆ ಮಾಡಿಕೊಂಡವನೊಬ್ಬನನ್ನು ಚರ್ಚಿನ ಸ್ಮಶಾನದಲ್ಲಿ ಹೂತಿದ್ದಾರೆ, ಅವನದೇ ಪ್ರೇತ ಅಂತ. ಬೀದಿ ದೀಪ ಇಲ್ಲದ ಕಾಲ. ಪ್ರಯಾಣಿಕರು ತುಂಬಿದ್ದ ಬಂಡಿಯನ್ನು ನಡುದಾರಿಯಲ್ಲೇ ಬಿಟ್ಟು ಚಾಲಕ ಓಡಿಹೋದನಂತೆ. ಸರಿ, ಊರಿನ ಹುಡುಗರು ಗಸ್ತು ಶುರು ಮಾಡಿದರು. ಅವರಲ್ಲೊಬ್ಬ ಫ್ರಾನ್ಸಿಸ್ ಸ್ಮಿತ್. 29 ವರ್ಷ, ಅಬಕಾರಿ ಇಲಾಖೆಯ ನೌಕರ. 1804ರ ಜನವರಿ 3ರ ರಾತ್ರಿ ಬಂದೂಕು ಹಿಡಿದು ಕತ್ತಲ ಓಣಿಯಲ್ಲಿ ಕಾದು ನಿಂತ.

ಅದೇ ರಾತ್ರಿ ಥಾಮಸ್ ಮಿಲ್‌ವುಡ್ ಅನ್ನೋ ಗಾರೆ ಕೆಲಸದವನು ಅಪ್ಪ ಅಮ್ಮನ ಮನೆಗೆ ಹೋಗಿದ್ದ. ಆ ಕಸುಬಿನವರ ಉಡುಪು ಆಗ ಪೂರಾ ಬಿಳಿ. ಬಿಳಿ ಷರಾಯಿ, ಬಿಳಿ ಅಂಗಿ, ಮೇಲೊಂದು ಏಪ್ರನ್. ಕೆಲವೇ ದಿನದ ಹಿಂದೆ ಗಾಡಿಯಲ್ಲಿ ಹೋಗುತ್ತಿದ್ದ ಯಾರೋ ಅವನನ್ನೇ ದೆವ್ವ ಅಂದುಕೊಂಡು ಕೂಗಿಕೊಂಡಿದ್ದರು. “ಮೇಲೊಂದು ಕೋಟು ಹಾಕಿಕೊಂಡು ಓಡಾಡಪ್ಪಾ” ಅಂತ ಅವನ ಅತ್ತೆ ಬುದ್ಧಿಯನ್ನೂ ಹೇಳಿದ್ದಳು. ಅವನು ಕೇಳಲಿಲ್ಲ. ನೀವೇ ಹೇಳಿ, ದಿನಾ ಕೆಲಸಕ್ಕೆ ಹಾಕೋ ಬಟ್ಟೆಯನ್ನು ಯಾವನೋ ದೆವ್ವ ಅಂದ ಅಂತ ಯಾರು ಬಿಡುತ್ತಾರೆ? ಅವನು ಮನೆಯಿಂದ ಹೊರಟ ಸ್ವಲ್ಪ ಹೊತ್ತಿಗೆ “ಯಾರು ನೀನು? ಮಾತಾಡು, ಇಲ್ಲಾಂದ್ರೆ ಸುಡ್ತೀನಿ” ಎಂಬಂಥ ಕೂಗು ತಂಗಿಯ ಕಿವಿಗೆ ಬಿತ್ತು. ಹಿಂದೆಯೇ ಗುಂಡಿನ ಸದ್ದು. ಗುಂಡು ದವಡೆಗೆ ಹೊಕ್ಕಿತ್ತು. ಅಲ್ಲೇ ಪ್ರಾಣ ಹೋಯಿತು.

ಸ್ಮಿತ್ ಓಡಿಹೋಗಲಿಲ್ಲ, ಹತ್ತೇ ದಿನದಲ್ಲಿ ವಿಚಾರಣೆ ಬಂತು. ಅವನ ವಾದ ಒಂದೇ, ದೆವ್ವ ಅಂದುಕೊಂಡೆ. ಜ್ಯೂರಿಗೆ ಅಯ್ಯೋ ಅನ್ನಿಸಿ, ಕೊಲೆ ಅಲ್ಲ, ಕೊಲೆಗಿಂತ ಕಡಿಮೆಯ ಅಪರಾಧ ಅಂದರು. ನ್ಯಾಯಾಧೀಶರು ಒಪ್ಪಲಿಲ್ಲ. ಒಂದೋ ಕೊಲೆ ಅನ್ನಿ, ಇಲ್ಲಾ ಬಿಟ್ಟುಬಿಡಿ, ನಡುವೆ ಏನೂ ಇಲ್ಲ ಅಂದರು. ಕೊಲೆ ಅಂತಲೇ ತೀರ್ಪಾಯಿತು, ಗಲ್ಲು ಶಿಕ್ಷೆಯೂ ಆಯಿತು. ಆದರೆ ಅದೇ ಸಂಜೆಯೊಳಗೆ ಗಲ್ಲಿಗೆ ತಡೆ ಬಂದು, ಕೊನೆಗೆ ಉಳಿದದ್ದು 1 ವರ್ಷದ ಕಠಿಣ ಸಜೆ. ತಪ್ಪಾಗಿ ತಿಳಿದು ಮಾಡಿದ ಹಲ್ಲೆಗೆ ಏನು ಮಾಡಬೇಕು ಅನ್ನೋ ಪ್ರಶ್ನೆಯನ್ನು ಇಂಗ್ಲೆಂಡಿನ ಕೋರ್ಟುಗಳು ಸ್ಪಷ್ಟವಾಗಿ ಬಗೆಹರಿಸಿದ್ದು 1983ರಲ್ಲಿ. ಸುಮಾರು 180 ವರ್ಷ!

ಅಂದ ಹಾಗೆ, ಆ ದೆವ್ವ ಯಾರು ಗೊತ್ತೇ? ಮಿಲ್‌ವುಡ್ ಸತ್ತ ಮೇಲೆ ಒಬ್ಬ ಮುದುಕ, ಚಮ್ಮಾರಿಕೆ ಮಾಡುವವನು, ತಾನೇ ಮುಂದೆ ಬಂದು ಒಪ್ಪಿಕೊಂಡ. ಅವನ ಹತ್ತಿರ ಕೆಲಸ ಕಲಿಯುತ್ತಿದ್ದ ಹುಡುಗರು ಅವನ ಮಕ್ಕಳಿಗೆ ದೆವ್ವದ ಕಥೆ ಹೇಳಿ ಹೆದರಿಸುತ್ತಿದ್ದರಂತೆ. ಅವರಿಗೆ ಪಾಠ ಕಲಿಸೋಣ ಅಂತ ಇವನು ಬಿಳಿ ಹೊದಿಕೆ ಹೊದ್ದು ಓಡಾಡಿದ. ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಇನ್ನೊಂದು ಪ್ರಕರಣ ನಮ್ಮ ದೇಶದ್ದೇ, ಸ್ವಾತಂತ್ರ್ಯ ಬಂದ ಮೇಲಿನದು. ಇದನ್ನು ನನಗೆ ಮೊದಲು ಹೇಳಿದ್ದು ಒಬ್ಬ ವಕೀಲ ಮಿತ್ರ. ಕಾನೂನು ಕಾಲೇಜುಗಳಲ್ಲಿ ಇವತ್ತಿಗೂ ಇದನ್ನು ಪಾಠ ಮಾಡುತ್ತಾರೆ.

ಒಡಿಶಾದಲ್ಲಿ ರಸಗೋವಿಂದಪುರ ಅಂತ ಊರು. ಎರಡನೇ ಮಹಾಯುದ್ಧದ ಕಾಲದ ಏರೋಡ್ರೋಮ್ ಒಂದು ಅಲ್ಲಿ ಪಾಳು ಬಿದ್ದಿತ್ತು. ಯುದ್ಧ ಮುಗಿಯಿತು, ವಿಮಾನಗಳು ಹೋದವು, ಗುಜರಿ ಸಾಮಾನು ಉಳಿಯಿತು. ಜೊತೆಗೆ ದೆವ್ವದ ಕಥೆಗಳೂ ಉಳಿದವು. ಮಂಗಳವಾರ, ಶನಿವಾರದ ರಾತ್ರಿ ಆ ಬಯಲು ದಾಟಲು ಸುತ್ತಲಿನ ಆದಿವಾಸಿಗಳು ಹೆದರುತ್ತಿದ್ದರು. 1958ರಲ್ಲಿ ಕಲ್ಕತ್ತಾದ ವ್ಯಾಪಾರಿಯೊಬ್ಬ ಆ ಗುಜರಿ ಕೊಳ್ಳಲು ಬಂದ. ಜೊತೆಗೊಬ್ಬ ನೇಪಾಳಿ ಸೇವಕ. ಇಬ್ಬರೂ ಉಳಿದುಕೊಂಡದ್ದು ಚಹಾ ಅಂಗಡಿಯವನೊಬ್ಬನ ಮನೆಯಲ್ಲಿ. ದೆವ್ವದ ಸುದ್ದಿ ಕೇಳಿ ಇಬ್ಬರಿಗೂ ಒಂದೇ ಹಂಬಲ, ಒಮ್ಮೆ ನೋಡಬೇಕು!

ಆ ಮೇ ತಿಂಗಳ 20ನೇ ತಾರೀಕು, ಮಂಗಳವಾರ. ಪಕ್ಕದ ಹಳ್ಳಿಯವನೊಬ್ಬ ಒಂಟಿಯಾಗಿ ಮನೆಗೆ ಹೋಗಲು ಹೆದರಿ ಚಹಾ ಅಂಗಡಿಯಲ್ಲೇ ಉಳಿದಿದ್ದ. ಅವನನ್ನು ಮನೆ ಮುಟ್ಟಿಸುವ ನೆಪದಲ್ಲಿ ನಡುರಾತ್ರಿ ಎಲ್ಲರೂ ಹೊರಟರು. ಬಿಟ್ಟು ವಾಪಸ್ ಬರುವಾಗ ಬಯಲಿನ ಆಚೆ ಒಂದು ಬೆಳಕು ಕಂಡಿತು. ಜೋರು ಗಾಳಿ. ಬೆಳಕು ಆಡುತ್ತಿತ್ತು, ಅದರ ಸುತ್ತ ನೆರಳುಗಳು ಕುಣಿದಂತೆ ಕಾಣುತ್ತಿತ್ತು. ಎಲ್ಲರೂ ಅತ್ತ ಓಡಿದರು. ಮೊದಲು ತಲುಪಿದ್ದು ಸೇವಕ. ಕುಕ್ರಿ ತೆಗೆದು ಸಿಕ್ಕಸಿಕ್ಕ ಕಡೆ ಬೀಸಿದ. ಹಿಂದಿನಿಂದ ಬಂದ ಚಹಾ ಅಂಗಡಿಯವನಿಗೂ ಏಟು ಬಿತ್ತು. ಅವನು ನೋವಿನಿಂದ ಕಿರುಚಿಕೊಂಡ, ಗಾಯಗೊಂಡ ಇತರರೂ ಚೀರಿದರು. ಆಗ ಕುಕ್ರಿ ನಿಂತಿತು.

ಅಲ್ಲಿದ್ದವರು ಆದಿವಾಸಿ ಹೆಂಗಸರು. ಲಾಟೀನು ಇಟ್ಟುಕೊಂಡು ಮರದಡಿ ಇಪ್ಪೆ ಹೂವು ಆರಿಸುತ್ತಿದ್ದರು. ಇಪ್ಪೆ ಹೂವು ಉದುರುವುದೇ ರಾತ್ರಿ, ನಸುಕಿನ ಹೊತ್ತಿನಲ್ಲಿ. ಬೆಳಗಾದ ಮೇಲೆ ಹೋದರೆ ದನಕರುಗಳ ಪಾಲು. ಆ ಸೀಮೆಯ ಬಡವರಿಗೆ ಅದು ಊಟವೂ ಹೌದು, ಸಂತೆಯ ಕಾಸೂ ಹೌದು. ಗಾಳಿಗೆ ಆಡುತ್ತಿದ್ದದ್ದು ಲಾಟೀನಿನ ಬೆಳಕು. ಕುಣಿತ ಅಂತ ಕಂಡದ್ದು ಬಗ್ಗಿ ಎದ್ದು ಹೂವು ಆರಿಸುವ ಕೆಲಸ. ಒಬ್ಬಳು ಸತ್ತಳು, ಇನ್ನಿಬ್ಬರಿಗೆ ತೀವ್ರ ಗಾಯ.

ಕೋರ್ಟು ಏನು ಹೇಳಿತು? ಸೆಷನ್ಸ್ ಕೋರ್ಟ್ ಸೇವಕನನ್ನು ಬಿಡುಗಡೆ ಮಾಡಿತು. ಸರ್ಕಾರ ಮೇಲ್ಮನವಿ ಹೋಯಿತು. ಒಡಿಶಾ ಹೈಕೋರ್ಟ್ ಕೂಡ ಬಿಡುಗಡೆಯನ್ನೇ ಎತ್ತಿಹಿಡಿಯಿತು. 1860ರ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 79ರ ಪ್ರಕಾರ, ವಾಸ್ತವವನ್ನು ತಪ್ಪಾಗಿ ತಿಳಿದು, ಆದರೆ ಸದ್ಭಾವನೆಯಿಂದ, ಇದು ಕಾನೂನುಬದ್ಧ ಅಂದುಕೊಂಡು ಮಾಡಿದ ಕೆಲಸ ಅಪರಾಧವಲ್ಲ. ಈತ ದೆವ್ವವನ್ನು ಗಟ್ಟಿಯಾಗಿ ನಂಬಿದವನು, ತಾನು ಹೊಡೆಯುತ್ತಿರುವುದು ದೆವ್ವವನ್ನು ಅಂತಲೇ ಅಂದುಕೊಂಡಿದ್ದ, ಆದ್ದರಿಂದ ಶಿಕ್ಷೆ ಇಲ್ಲ. ಇನ್ನಷ್ಟು ಎಚ್ಚರ ವಹಿಸಿದ್ದರೆ ಈ ಘಟನೆ ತಪ್ಪುತ್ತಿತ್ತೇನೋ ಅಂತಲೂ ಕೋರ್ಟ್ ಹೇಳಿತು. ಆದರೆ ಅಷ್ಟು ಮಾತ್ರಕ್ಕೆ ರಕ್ಷಣೆ ಕಿತ್ತುಕೊಳ್ಳಲಾಗದು ಅಂದಿತು. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ನ್ಯಾಯ ಸಂಹಿತೆ ಬಂತು. ಸೆಕ್ಷನ್ 79 ಈಗ ಸೆಕ್ಷನ್ 17.

ಕಾನೂನಿನ ತರ್ಕ ನನಗೆ ಅರ್ಥವಾಗುತ್ತದೆ. ಆ ಸೇವಕನಿಗೆ ಕೊಲ್ಲುವ ಉದ್ದೇಶ ಇರಲಿಲ್ಲ ಅನ್ನೋದನ್ನೂ ಒಪ್ಪುತ್ತೇನೆ. ನನ್ನ ತಕರಾರು ಬೇರೆ. ಹಗಲಿಡೀ ದೆವ್ವ ಅಂತ ಮಾತಾಡಿಕೊಂಡು, ನೋಡಲೇಬೇಕು ಅಂತ ಆಸೆಪಟ್ಟು, ಹುಡುಕಿಕೊಂಡು ಹೋದವರು ಇವರು. ಆ ಹೆಂಗಸರು ಯಾರ ಬಾಗಿಲನ್ನೂ ತಟ್ಟಿರಲಿಲ್ಲ.

ಇದು ಯಾವ ಕಾಲದ್ದೋ ಸಾರ್ ಅನ್ನಬೇಡಿ. 2018ರ ಮೇ 23. ನಾವು ಬೆಳೆದ ಓಣಿಯಿಂದ ಬಹಳ ದೂರವೇನಲ್ಲದ ಚಾಮರಾಜಪೇಟೆ. ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ 26 ವರ್ಷದ ಹುಡುಗ. ಮಕ್ಕಳ ಕಳ್ಳ ಅಂದುಕೊಂಡು ಹಾಡಹಗಲೇ ಹಗ್ಗದಲ್ಲಿ ಕಟ್ಟಿ, ಎಳೆದಾಡಿ ಹೊಡೆದರು. ಉಳಿಯಲಿಲ್ಲ. ಎರಡು ತಿಂಗಳೂ ಕಳೆದಿರಲಿಲ್ಲ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬನ ಜೀವ ಹೋಯಿತು. ಅವನ ಜೊತೆಗಿದ್ದವರು ಮಾಡಿದ ತಪ್ಪು, ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಆ ದಿನಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ ಒಂದು ವಿಡಿಯೋ ನಿಮಗೂ ಬಂದಿರುತ್ತೆ. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ, ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಒಂದು ಸಂಸ್ಥೆ ಮಾಡಿಸಿದ್ದ ಜಾಹೀರಾತು. ಕೊನೆಯಲ್ಲಿ ಬೈಕಿನವರು ವಾಪಸ್ ಬಂದು ಮಗುವನ್ನು ಬಿಡುತ್ತಾರೆ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ತುಣುಕನ್ನು ಯಾರೋ ಕತ್ತರಿಸಿ ಬಿಟ್ಟಿದ್ದರು.

ಆ ವಾರಗಳಲ್ಲಿ ನಾನೂ ಸ್ಟುಡಿಯೋದಲ್ಲಿ ಕೂತಿದ್ದೆ. ‘ಊರಿಗೆ ಬಂದಿದ್ದಾರಾ ಮಕ್ಕಳ ಕಳ್ಳರು?’ ಅನ್ನೋ ಸಾಲು ಕೆಂಪು ಅಕ್ಷರದಲ್ಲಿ ನನ್ನ ಎದೆಯ ಕೆಳಗೆ ಹರಿಯುತ್ತಿತ್ತು. ನಮ್ಮ ಕಸುಬಿನಲ್ಲಿ ಒಂದು ನಂಬಿಕೆ ಇದೆ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಪಾಪ ಅಂಟೋದಿಲ್ಲ ಅಂತ. ಪೊಲೀಸರು ಇದು ಸುಳ್ಳು ಅಂತ ಹೇಳಿದ್ದನ್ನೂ ಓದಿದೆ, ಇಲ್ಲವೆನ್ನಲಾರೆ. ಆದರೆ ಆ ಸಾಲು ಓಡಿದ್ದು ಇಡೀ ಸಂಜೆ, ಪೊಲೀಸರ ಮಾತು ಓದಿದ್ದು ಅರ್ಧ ನಿಮಿಷ. ಚಾಮರಾಜಪೇಟೆಯ ಸುದ್ದಿ ಬಂದಾಗ ಅದನ್ನೂ ನಾನೇ ಓದಿದೆ. ಅದೇ ಸೀಟಿನಲ್ಲಿ ಕೂತು.

ಆವತ್ತು ರಾತ್ರಿ ಮನೆಗೆ ಹೋದಾಗ ಅಪ್ಪ ಎಚ್ಚರ ಇದ್ದ. ಟಿವಿ ನೋಡಿದ್ದ. ಜಗಲಿಯ ಆ ರಾತ್ರಿಯ ಬಗ್ಗೆ ನಾನು ಕೇಳಲೂ ಇಲ್ಲ, ಅವನಾಗೇ ಹೇಳಿದ. ಅಷ್ಟು ವರ್ಷದಲ್ಲಿ ಒಮ್ಮೆಯೂ ಹೇಳದ್ದು.

“ಎದುರು ವಠಾರಕ್ಕೆ ಹೊಸದಾಗಿ ಬಂದಿದ್ರಲ್ಲ, ಅವನು ಒಂದಕ್ಕೆ ಅಂತ ಹೊರಗೆ ಬಂದ. ನಾನು ಬಿಳಿ ಪಂಚೆ ಹೊದ್ಕೊಂಡು ಕೂತಿದ್ದೆ, ಚಳಿ. ಒಳಗೆ ಹೋಗಿ ಮಚ್ಚು ತಂದ. ಕೂಗೋಣ ಅಂದ್ರೆ ಬಾಯಿ ಒಣಗಿಹೋಯ್ತು. ಜೇಬಲ್ಲಿ ಬೆಂಕಿಪೊಟ್ಟಣ ಇತ್ತು. ಕಡ್ಡಿ ಗೀರಿ ನನ್ನ ಮುಖಕ್ಕೆ ನಾನೇ ಹಿಡ್ಕೊಂಡೆ. ಒಂದು ಆರಿಹೋಯ್ತು, ಇನ್ನೊಂದು ಗೀರಿದೆ. ಆಗ ಗುರುತು ಸಿಕ್ತು ಅವನಿಗೆ. ಕೈ ನಡುಗ್ತಿತ್ತು ಪಾಪ. ಮಚ್ಚು ಪಕ್ಕಕ್ಕಿಟ್ಟು ಬೀಡಿ ಕೊಟ್ಟ. ಹಾಲಿನವನು ಬರೋ ತನಕ ಇಬ್ಬರೂ ಅಲ್ಲೇ ಕೂತಿದ್ವಿ.”