ಅನ್ನನಾಳದ ಅಲರ್ಜಿ ಉರಿಯೂತ: ಕಾರಣಶೋಧನೆಯ ಚರಿತ್ರೆ

ರೋಗವೊಂದು ಮನುಷ್ಯನ ದೇಹದಲ್ಲಿ ಯಾವಾಗ ಕಾಣಿಸಿಕೊಂಡಿತು ಎಂಬುದು ಒಂದು ಪ್ರಶ್ನೆ; ವೈದ್ಯಲೋಕ ಅದನ್ನು ಯಾವಾಗ ಗುರುತಿಸಿತು ಎಂಬುದು ಮತ್ತೊಂದು. 'ಇಯೊಸಿನೊಫಿಲಿಕ್ ಈಸೊಫ್ಯಾಜೈಟಿಸ್' ಎಂದು ಕರೆಯಲಾಗುವ ಅನ್ನನಾಳದ ಅಲರ್ಜಿ ಉರಿಯೂತದ ವಿಷಯದಲ್ಲಿ ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ಕಣ್ಣೆದುರಿಗಿದ್ದ ಸಾಕ್ಷ್ಯವನ್ನೇ ಬೇರೊಂದು ರೋಗದ ಗುರುತೆಂದು ಓದಿದ ಕಾಲಘಟ್ಟವೊಂದು ಇದರ ಚರಿತ್ರೆಯಲ್ಲಿದೆ.

ಇಯೊಸಿನ್ ಎಂಬ ಕೆಂಪು ಬಣ್ಣವನ್ನು ಹೀರಿಕೊಳ್ಳುವ ಬಿಳಿ ರಕ್ತಕಣವನ್ನು ಜರ್ಮನಿಯ ಪೌಲ್ ಎರ್ಲಿಕ್ 1879ರಲ್ಲಿ ವಿವರಿಸಿದರು. 'ಅಲರ್ಜಿ' ಎಂಬ ಪದವನ್ನು ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ಬಳಕೆಗೆ ತಂದರು. ಆರೋಗ್ಯವಂತ ಅನ್ನನಾಳದ ಒಳಪದರದಲ್ಲಿ ಇಯೊಸಿನೊಫಿಲ್ ಕಣಗಳು ಇರುವುದಿಲ್ಲ. ಅವು ಅಲ್ಲಿ ನೆರೆದಿದ್ದ ಒಬ್ಬ ರೋಗಿಯ ವರದಿಯನ್ನು ಲ್ಯಾಂಡ್ರೆಸ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದರು. ಆದರೆ 1982ರ ಅಧ್ಯಯನವೊಂದು ಈ ಕಣಗಳನ್ನು ಜಠರದ ಆಮ್ಲ ಮೇಲೇರುವುದರ ಸೂಚಕವೆಂದು ಪರಿಗಣಿಸಿತು. ಈ ಅಭಿಪ್ರಾಯವು ಬಹುಕಾಲ ಪ್ರಭಾವಶಾಲಿಯಾಗಿ ಉಳಿಯಿತು. 1993ರಲ್ಲಿ ಆಟ್‌ವುಡ್ ಮತ್ತು ಸಂಗಡಿಗರು ನುಂಗಲು ಕಷ್ಟಪಡುತ್ತಿದ್ದ 12 ಮಂದಿ ವಯಸ್ಕರನ್ನೂ, 1994ರಲ್ಲಿ ಸ್ವಿಟ್ಜರ್ಲೆಂಡಿನ ಸ್ಟ್ರೌಮನ್ ಮತ್ತು ಸಂಗಡಿಗರು 10 ಮಂದಿಯನ್ನೂ ಕುರಿತು ಬರೆದ ಬಳಿಕವೇ ಇದು ಪ್ರತ್ಯೇಕ ರೋಗವೆಂಬ ವಿಚಾರಕ್ಕೆ ಬಲ ಬಂದಿತು.

ಕಾರಣವನ್ನು ಬೆಳಕಿಗೆ ತಂದದ್ದು 1995ರ ಒಂದು ಪ್ರಯೋಗ. ಆಮ್ಲರೋಗವೆಂದು ಚಿಕಿತ್ಸೆ ಪಡೆದೂ ಗುಣವಾಗದ 10 ಮಕ್ಕಳಿಗೆ ಕೆಲ್ಲಿ ಮತ್ತು ಸಂಗಡಿಗರು ಅಮೈನೊ ಆಮ್ಲಗಳಿಂದ ಸಿದ್ಧಪಡಿಸಿದ ಪೇಯಾಹಾರವನ್ನು ನೀಡಿದರು. 8 ಮಕ್ಕಳ ತೊಂದರೆ ಪೂರ್ಣವಾಗಿ ನಿಂತಿತು; ಇಬ್ಬರಲ್ಲಿ ಕಡಿಮೆಯಾಯಿತು. ಹಳೆಯ ಆಹಾರ ಮರಳಿದಾಗ ತೊಂದರೆಯೂ ಮರಳಿತು. ಆಹಾರದ ಪ್ರೋಟೀನೇ ರೋಗದ ಪ್ರೇರಕವೆಂಬುದು ಹೀಗೆ ಸ್ಪಷ್ಟವಾಯಿತು.

ಮುಂದಿನ ಸಂಶೋಧನೆಗಳು ಇದರ ಕ್ರಮವನ್ನು ಬಿಡಿಸಿದವು. ಅನ್ನನಾಳದ ಒಳಪದರ ದುರ್ಬಲವಾದಾಗ ಆಹಾರಾಂಶಗಳು ಒಳನುಸುಳುತ್ತವೆ. ಒಳಪದರದ ಕೋಶಗಳು ಹೊರಡಿಸುವ ಎಚ್ಚರಿಕೆಯ ಸಂಕೇತಗಳಿಂದ ರಕ್ಷಣಾಕೋಶಗಳು ಪ್ರಚೋದನೆಗೊಂಡು ಇಂಟರ್‌ಲ್ಯೂಕಿನ್-4, 5 ಮತ್ತು 13 ಎಂಬ ದ್ರವ್ಯಗಳನ್ನು ಸ್ರವಿಸುತ್ತವೆ. ಹದಿಮೂರನೆಯದು ಒಳಪದರದಲ್ಲಿ ಇಯೊಟಾಕ್ಸಿನ್-3 ಉತ್ಪತ್ತಿಯಾಗುವಂತೆ ಮಾಡುತ್ತದೆ. ಅದು ಇಯೊಸಿನೊಫಿಲ್‌ಗಳನ್ನು ಸೆಳೆಯುತ್ತದೆ. ಐದನೆಯದು ಅವುಗಳನ್ನು ಬೆಳೆಸಿ ಉಳಿಸುತ್ತದೆ. ಹದಿಮೂರನೆಯದೇ ಒಳಪದರದ ಬೆಸುಗೆಯನ್ನು ಮತ್ತಷ್ಟು ಸಡಿಲಿಸುವುದರಿಂದ ಈ ಚಕ್ರ ಮುಂದುವರಿಯುತ್ತದೆ. ವರ್ಷಗಳು ಕಳೆದಂತೆ ನಾರು ಬೆಳೆದು ಅನ್ನನಾಳ ಕಿರಿದಾಗುತ್ತದೆ. ಈ ಕ್ರಿಯೆ ತಕ್ಷಣದ ಅಲರ್ಜಿಗಿಂತ ಭಿನ್ನವಾದುದರಿಂದ ಚರ್ಮಪರೀಕ್ಷೆಯು ಪ್ರೇರಕ ಆಹಾರವನ್ನು ನಿಖರವಾಗಿ ತೋರಿಸಲಾರದು.

2006ರಲ್ಲಿ ಹಾಲು, ಗೋಧಿ, ಮೊಟ್ಟೆ, ಸೋಯಾ, ಬೀಜಗಳು ಹಾಗೂ ಮೀನು ವರ್ಗವನ್ನು ಬಿಡಿಸುವ ಆಹಾರಕ್ರಮದ ಫಲಿತಾಂಶ ಪ್ರಕಟವಾಯಿತು. ಇಂಟರ್‌ಲ್ಯೂಕಿನ್-4 ಮತ್ತು 13ರ ಕ್ರಿಯೆಯನ್ನು ತಡೆಯುವ ಡುಪಿಲುಮ್ಯಾಬ್ ಔಷಧಕ್ಕೆ ಅಮೆರಿಕದಲ್ಲಿ 2022ರಲ್ಲಿ ಅನುಮತಿ ದೊರೆಯಿತು.

ಕನ್ನಡ ಜನಪದರ 'ನಂಜು' ಮತ್ತು 'ಪಥ್ಯ'ದ ಕಲ್ಪನೆಗಳನ್ನು ಈ ವಿಜ್ಞಾನದೊಂದಿಗೆ ಸಮೀಕರಿಸುವುದು ಸರಿಯಲ್ಲ. ನಂಜಿನ ವರ್ಗೀಕರಣಕ್ಕೆ ಅದರದೇ ತರ್ಕವಿದೆ. ಆದರೆ ಉಂಡವನ ಅನುಭವವನ್ನು ಪ್ರಮಾಣವಾಗಿ ಸ್ವೀಕರಿಸುವ ಕ್ರಮ ಎರಡರಲ್ಲಿಯೂ ಇದೆ. ತುತ್ತುತುತ್ತಿಗೂ ನೀರು ಕುಡಿಯುವ, ಎಲ್ಲರೂ ಎದ್ದ ಮೇಲೂ ಎಲೆಯ ಮುಂದೆ ಕುಳಿತಿರುವ ಮಗುವನ್ನು ಹಟಮಾರಿಯೆಂದು ಗದರಿಸುವುದು ಸುಲಭ. ಆ ನಿಧಾನವೂ ರೋಗದ ಹೇಳಿಕೆಯಾಗಿರಬಹುದು ಎಂಬುದನ್ನು ಈ ಚರಿತ್ರೆ ನೆನಪಿಸುತ್ತದೆ.