ಮನೆಗೆ ತಕ್ಕ ಗೇಟು

ಮೈಸೂರಿನ ಇತಿಹಾಸವನ್ನು ಅರಮನೆಯ ಒಳಗಿನಿಂದ ಹೇಳುವವರೇ ಹೆಚ್ಚು. ಬಾಗಿಲುಗಳ ಮೂಲಕವೂ ಅದನ್ನು ಹೇಳಬಹುದೆಂಬುದು ನನ್ನ ನಂಬಿಕೆ. ಇಂದಿನ ಅರಮನೆಯೂ ಹಳೆಯ ಬಡಾವಣೆಗಳ ಕಾಂಪೌಂಡು ಮನೆಗಳೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ತಲೆಯೆತ್ತಿದವು. ಎರಡರ ಹಿಂದೆಯೂ ಒಂದೊಂದು ವಿಪತ್ತು ಇದೆ.

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಪೂರ್ಣಗೊಂಡಿತು. ಅದರ ಆವರಣದ ದ್ವಾರಗಳನ್ನು ಗಮನಿಸಿ. ಪೂರ್ವಕ್ಕೆ ಜಯಮಾರ್ತಾಂಡ, ಮಾರ್ತಾಂಡನೆಂದರೆ ಸೂರ್ಯ, ಹೆಸರು ದಿಕ್ಕಿಗೆ ಒಪ್ಪುತ್ತದೆ. ದಕ್ಷಿಣಕ್ಕೆ ವರಾಹ, ಸಮೀಪದಲ್ಲಿಯೇ ಶ್ವೇತ ವರಾಹಸ್ವಾಮಿಯ ದೇಗುಲ. ಉತ್ತರಕ್ಕೆ ಜಯರಾಮ, ಬಲರಾಮ. ವಿಜಯದಶಮಿಯಂದು ಸುಮಾರು 750 ಕೆ.ಜಿ. ತೂಕದ ಚಿನ್ನದ ಅಂಬಾರಿ ಹೊತ್ತ ಆನೆ ಬಲರಾಮ ದ್ವಾರದಿಂದಲೇ ಹೊರಬಂದು ಬನ್ನಿಮಂಟಪದತ್ತ ಸಾಗುತ್ತದೆ. ಆನೆಯೂ ಅದರ ಮೇಲಿನ ಅಂಬಾರಿಯೂ ಹಾಯುವಷ್ಟು ಎತ್ತರ ಅಲ್ಲಿ ಆಡಂಬರವಲ್ಲ, ಅಗತ್ಯ.

ಎರಡನೆಯ ವಿಪತ್ತು ಪ್ಲೇಗು. 1898ರ ಹೊತ್ತಿಗೆ ಆ ಮಾರಿ ನಗರವನ್ನು ಹೊಕ್ಕು ಇಕ್ಕಟ್ಟಾದ ಕೇರಿಗಳನ್ನು ಕಾಡಿತು. ಹಳೆಯ ಅಗ್ರಹಾರದ ಮನೆಗಳಿಗೆ ಗೇಟೆಂಬುದೇ ಇರಲಿಲ್ಲ. ಗೋಡೆಗೆ ಗೋಡೆ ತಾಗಿದ ಸಾಲುಮನೆಗಳ ಜಗಲಿ ನೇರವಾಗಿ ಬೀದಿಗೇ ತೆರೆದುಕೊಂಡಿತ್ತು. 1903ರಲ್ಲಿ ನಗರಾಭಿವೃದ್ಧಿಗೆಂದೇ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಚಾಮರಾಜಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು ಮೊದಲಾದ ಬಡಾವಣೆಗಳಲ್ಲಿ ಗಾಳಿ ಬೆಳಕಿಗೆ ಸುತ್ತ ಜಾಗ ಬಿಟ್ಟ ಮನೆಗಳು ಬಂದವು. ಜಾಗ ಬಿಟ್ಟ ಮೇಲೆ ಕಾಂಪೌಂಡು ಬೇಕಾಯಿತು, ಕಾಂಪೌಂಡಿಗೆ ಗೇಟು ಬೇಕಾಯಿತು.

ಆ ಹಳೆಯ ಗೇಟುಗಳನ್ನು ನೋಡಿದರೆ ಮಾಡಿಸಿದವರ ವಿವೇಕ ತಿಳಿಯುತ್ತದೆ. ಎದೆಯೆತ್ತರ, ನಡುವೆ ಸಂದು ಬಿಟ್ಟ ಕಬ್ಬಿಣದ ಸರಳುಗಳು, ಹೊರಗಿನಿಂದ ಕೈಹಾಕಿ ತೆಗೆಯಬಹುದಾದ ಚಿಲಕ. ದನ ಒಳಗೆ ಬಾರದು, ನೆರೆಯವರು ಹೊರಗುಳಿಯರು. ಜಗಲಿಯ ಗುಣವನ್ನು ಕಬ್ಬಿಣದಲ್ಲಿ ಉಳಿಸಿಕೊಂಡ ರಚನೆ ಅದು. ಮಲೆನಾಡಿನ ಉಣುಗೋಲಿನದೂ ಇದೇ ನೀತಿ: ಕಂಬದ ತೂತುಗಳಿಗೆ ತೂರಿಸಿದ ಗಳಗಳು ದನವನ್ನು ತಡೆಯುತ್ತವೆ, ಮನುಷ್ಯನು ಗಳ ಸರಿಸಿ ಬರುತ್ತಾನೆ.

ಇಂದು ಅವೇ ಬೀದಿಗಳಲ್ಲಿ ಆಳೆತ್ತರದ ತಗಡಿನ ಗೇಟುಗಳು ಏಳುತ್ತಿವೆ. ಕಳ್ಳರ ಭಯ, ಕಾರಿನ ಚಿಂತೆ ಸುಳ್ಳಲ್ಲ. ಆದರೆ ಆ ಮನೆಗಳಲ್ಲಿ ಅನೇಕ ಕಡೆ ಇರುವವರು ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿದ ವೃದ್ಧರು. ಅಂಗಳದಲ್ಲಿ ಅವರು ಎಡವಿ ಬಿದ್ದರೆ ತಗಡಿನ ಆಚೆ ಹೋಗುವ ಹಾಲಿನವನಿಗಾಗಲಿ ಎದುರುಮನೆಯವರಿಗಾಗಲಿ ಕಾಣುವುದಿಲ್ಲ. ಕಳ್ಳನಿಗೂ ಗೋಡೆ ಹಾರಿದ ಮೇಲೆ ಆ ತಗಡೇ ಮರೆ.

ಆದ್ದರಿಂದ ಗೇಟು ಮಾಡಿಸುವ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೇ. ವೆಲ್ಡಿಂಗ್ ಅಂಗಡಿಯ ಚಿತ್ರಪುಸ್ತಕವನ್ನು ತೆರೆಯುವ ಮೊದಲು, ನಿಮ್ಮ ಬಾಗಿಲಿಗೆ ಯಾರು ಬರುತ್ತಾರೆ, ಯಾರು ಬರಬೇಕು ಎಂದು ಯೋಚಿಸಿ. ಕಾರಿಗೆ ಅಗಲದ ಗೇಟು ಇರಲಿ, ಪಕ್ಕದಲ್ಲಿ ಜನರಿಗೊಂದು ಕಿರುಗೇಟೂ ಇರಲಿ. ಬೀಗ ಭದ್ರವಾಗಿರಲಿ, ಸರಳುಗಳ ನಡುವೆ ಮುಖ ಕಾಣಲಿ. ಮುಂದೆ ರಂಗೋಲಿಗೆ ಎರಡಡಿ ನೆಲ ಉಳಿಯಲಿ. ಅರಮನೆಯ ಬಾಗಿಲು ಆನೆಯ ಅಳತೆಗೆ ಸರಿ; ನಮ್ಮ ನಿಮ್ಮ ಮನೆಗೆ ನೆರೆಯವರ ಅಳತೆಯೇ ಸಾಕು.